ಕ್ಯೂಬಾ ಚುಟ್ಟ, ಚಲುವಯ್ಯನ ನಾಲಿಗೆ

ನಾಲಿಗೆ ಕೊಯ್ಬೇಕು ಅಂತ ಡಾಕ್ಟ್ರು ಏಳಿದ್ರೆ ಯಾವ ಗಂಡ್ಸಾದ್ರೂ ಅಳ್ತಾನೆ, ಇಲ್ಲ ಮನೆದೇವ್ರಿಗೆ ಹರಕೆ ಕಟ್ಕತಾನೆ. ನನ್ ಗಂಡ ಚುಟ್ಟ ಕೇಳ್ದ. ಅದೂ ಸಂತೇಲಿ ಸಿಗೋ ಚುಟ್ಟ ಅಲ್ಲ ಕಣವ್ವ, ಕ್ಯೂಬಾ ದೇಶದ್ದು! ಆ ದೇಶ ಎಲ್ಲೈತೆ ಅಂತ ಅವನ್ಗೂ ಗೊತ್ತಿಲ್ಲ, ನನ್ಗೂ ಗೊತ್ತಿಲ್ಲ. "ಆ ಸೊಪ್ಪುನ್ನ ಒಂದ್ಸಲ ಬಾಯಿಗಿಟ್ಟು ನೋಡ್ತೀನಿ. ಆಮೇಲೆ ನಾಲಿಗೆ ಕೊಯ್ತಾರೋ ಕತ್ತು ಕೊಯ್ತಾರೋ, ಬತ್ತೀನಿ" ಅಂತ ಹಾಸನದ ಆಸ್ಪತ್ರೆ ಮೆಟ್ಲ ಮೇಲೆ ಕುಂತ್ಬುಟ್ಟ.

ಗಂಡ ಅಂದ್ನಲ್ಲ, ಬಾಯಲ್ಲಿ ಕರಿಯೋದು ಮಾವ ಅಂತ. ನಮ್ಮವ್ವನ ಸ್ವಂತ ತಮ್ಮ, ಹೆಸ್ರು ಚಲುವಯ್ಯ. ನಾನು ಲಂಗ ಹಾಕ್ಕಂಡು ಓಡಾಡೋ ಕಾಲ್ದಲ್ಲೇ ನನ್ ಜಡೆ ಎಳ್ದು ಜಗಳ ತೆಗೀತಿದ್ದ. ತಾಳಿ ಕಟ್ಟಿದ್ ಮೇಲೂ ಅದೇ ಜಗಳ ಮುಂದ್ವರೀತು. ಕಾಫಿಗೆ ಸಕ್ರೆ ಜಾಸ್ತಿ ಅಂತ ಬೆಳಗ್ಗೆ ಸುರು ಮಾಡಿದ್ರೆ ಸಾರಿಗೆ ಉಪ್ಪು ಕಮ್ಮಿ ಅಂತ ರಾತ್ರಿ ನಿಲ್ಸೋನು. ನಾನೇನು ಬಾಯಿ ಮುಚ್ಕಂಡಿರೋಳಾ? ಒಂದಕ್ಕೆ ನಾಕು ಕೊಡ್ತಿದ್ದೆ. ಮಕ್ಳಾಗ್ನಿಲ್ಲ ನಮ್ಗೆ. ಮನೇಲಿ ಮಾತಾಡಕ್ಕೆ ಅವನ್ಗೆ ನಾನು, ನನ್ಗೆ ಅವ್ನು. "ಬೀರಮ್ಮನ ಮನೇಲಿ ಸದ್ದಿಲ್ಲ ಅಂದ್ರೆ ಇಬ್ರೂ ಊರಲ್ಲಿಲ್ಲ ಬುಡು" ಅಂತಿದ್ರು ಊರೋರು.

ನಮ್ಮೂರು ಅರಕಲಗೂಡು ತಾಲ್ಲೂಕು, ರಾಮನಾಥಪುರದ ಮಗ್ಗುಲು. ಈ ಕಡೆ ಹೊಗೆಸೊಪ್ಪು ಬೆಳೀತಾರೆ. ಹಸಿ ಸೊಪ್ಪು ಕಡ್ಡಿಗೆ ಕಟ್ಟಿ, ಬ್ಯಾರನ್ ಅಂತ ಎತ್ರುಕ್ ಕಟ್ಟಿರೋ ಮನೆ ಒಳಗೆ ನೇತಾಕಿ, ಕೆಳಗೆ ಸೌದೆ ಉರಿ ಕೊಟ್ಟು ಬೇಯಿಸ್ಬೇಕು. ಉರಿ ಎಚ್ಚಾದ್ರೆ ಸೊಪ್ಪು ಕರ್ರಗಾಯ್ತದೆ, ಕಮ್ಮಿಯಾದ್ರೆ ಬೂಷ್ಟು ಹಿಡೀತದೆ. ಬೇಯ್ಸೋದ್ರಲ್ಲಿ ಮಾವನ ಕೈ ಅಂದ್ರೆ ಕೈ. ಸ್ವಂತದ್ದು ಒಂದೇ ಬ್ಯಾರನ್ ಇದ್ರೂ ಸುತ್ತ ಊರೋರೆಲ್ಲ "ಚಲುವಣ್ಣ, ಒಂಚೂರು ಬಂದು ನೋಡಣ್ಣ" ಅಂತ ಬರೋರು. ಇವ್ನು ಓಗಿ ಒಂದೆಲೆ ಕಿತ್ತು, ತುದಿನ ನಾಲಿಗೆ ಮೇಲಿಟ್ಟು, ಕಣ್ಮುಚ್ಚಿ, "ಇನ್ನೊಂದ್ ದಿನ ಉರಿ ಬೇಕು" ಇಲ್ಲ "ಇಳ್ಸಿ" ಅನ್ನೋನು. ಆ ಎಲೆ ಚೂರು ಉಗಿಯೋದ್ ಬುಟ್ಟು ದವಡೇಲಿ ಇಟ್ಕಂಡ್ಬುಡೋನು. ದಿನಪೂರ್ತಿ ಅಲ್ಲೇ ಇರೋದು. "ಅದುನ್ನ ಉಗುದ್ಬುಡು, ಕೆಟ್ಟದ್ದು ಅದು" ಅಂತ ನಾನು ಎಷ್ಟ್ ಬಯ್ದಿಲ್ಲ! "ನನ್ ಕಸುಬು ಕಣೇ ಅದು" ಅನ್ನೋನು.

ಅವನ್ಗೆ ಲೋಕದಲ್ಲಿ ಒಂದೇ ಶತ್ರು, ತೇವ. ಒಂದು ತೇವದ ಎಲೆ ಸೇರ್ಕಂಡ್ರೆ ಇಡೀ ಹೊರೆ ಕೆಡ್ತದೆ, ಹರಾಜು ಕಟ್ಟೆಯಿಂದ ವಾಪಸ್ ಕಳುಸ್ತಾರೆ. ಅದಕ್ಕೆ ಕಂಡಿದ್ದುನ್ನೆಲ್ಲ ಇಸುಕಿ ನೋಡೋ ಚಾಳಿ. ನಾನು ಒಗ್ದು ಮಡಗಿದ ಸೀರೇನೂ ಮುಟ್ಟಿ, "ತೇವ ಐತೆ, ಬ್ಯಾರನ್ ಗ್ವಾಡೆಗೆ ಹಾಕು" ಅನ್ನೋನು. ಹಪ್ಳ, ಸಂಡಿಗೆ, ಬಿತ್ನೆ ರಾಗಿ, ಎಲ್ಲಾ ಬ್ಯಾರನ್ ಕಂಡೇ ಮನೆ ಸೇರ್ಬೇಕು. ನನ್ ಪಾಸ್‌ಬುಕ್ ಮಳೇಲಿ ನೆಂದಾಗ ಅದನ್ನೂ ನೇತಾಕಿ ಹಪ್ಳ ಮಾಡಿದ್ದ.

ಕ್ಯೂಬಾ ಅನ್ನೋದು ಅವ್ನ ತಲೆಗೆ ಒಕ್ಕಿದ್ದು ಹರಾಜಲ್ಲಿ. ಸೊಪ್ಪು ಕೊಳ್ಳಕ್ಕೆ ಬಂದಿದ್ದ ಯಾವನೋ ಒಬ್ಬ, "ಚಲುವಯ್ಯ, ನಿನ್ ಸೊಪ್ಪು ಚಿನ್ನ ಕಣಯ್ಯ. ಆದ್ರೆ ಕ್ಯೂಬಾ ಸೊಪ್ಪಿನ ಮುಂದೆ ಏನೂ ಅಲ್ಲ" ಅಂತ ನಕ್ಕಂಡು ಅಂದ್ನಂತೆ. ಅವ್ನು ಅಂದು ಓದ. ಇವ್ನು ಅದುನ್ನೇ ಎದೇಲಿ ಇಟ್ಕಂಡ. ಉಣ್ಣಕ್ಕೆ ಕುಂತಾಗ, ಉರಿ ಮುಂದೆ ಕುಂತಾಗ, "ಅದೇನ್ ಅಂಥಾದ್ದು ಇದ್ದಾತು ಬೀರಿ?" ಅಂತ ಕೇಳೋನು. ನಂಗೇನ್ ಗೊತ್ತು? "ಓಗಿ ನೋಡ್ಕಂಡ್ ಬಾ, ನಂಗೂ ಒಂದೆರಡು ದಿನ ನೆಮ್ದಿ" ಅಂತಿದ್ದೆ.

ಆಮೇಲೆ ನಾಲಿಗೆ ಮಗ್ಗುಲಲ್ಲಿ ಹುಣ್ಣಾಯ್ತು. ಹಲ್ಲು ಚುಚ್ತದೆ ಅಂದ. ನಾಟಿ ಔಸ್ತಿ ಹಚ್ದ. ದವಡೆ ಕೆಳಗೆ ಗಂಟು ಬಂದಾಗ ನಾನೇ ರಟ್ಟೆ ಹಿಡ್ದು ಹಾಸನಕ್ಕೆ ಎಳ್ಕಂಡ್ ಓದೆ. ಡಾಕ್ಟ್ರು ಒಳ್ಳೆ ಮನ್ಸ. ನನ್ನ ಪಕ್ಕಕ್ಕೆ ಕರ್ದು, "ಕ್ಯಾನ್ಸರ್ ಅಮ್ಮ. ಈಗಲೇ ಆಪರೇಷನ್ ಮಾಡಿದರೆ ಉಳಿಸಬಹುದು. ಬಿಟ್ಟರೆ ಗಂಟಲಿಗೆ ಇಳಿಯುತ್ತೆ, ಆಮೇಲೆ ನಮ್ಮ ಕೈಯಲ್ಲಿ ಏನೂ ಇಲ್ಲ. ನಾಲಿಗೆ ಪೂರ್ತಿ ಹೋಗುತ್ತೆ" ಅಂದ್ರು.

"ಮಾತು, ಸಾ?" ಅಂದೆ.

"ಬರಲ್ಲಮ್ಮ."

ಮಾವ ಬಾಗ್ಲಲ್ಲೇ ನಿಂತಿದ್ದ, ಎಲ್ಲಾ ಕೇಳಿಸ್ಕಂಡ. ಈಚೆ ಬಂದು ಮೆಟ್ಲ ಮೇಲೆ ಕುಂತು ಆ ಕ್ಯೂಬಾ ಮಾತು ಆಡ್ದ.

ನಂಗೆ ಬಂದ ಸಿಟ್ಟಿಗೆ ಕೈಲಿದ್ದ ಎಕ್ಸ್‌ರೇ ಎಲ್ಲಾ ಅವ್ನ ಮಕದ್ ಮೇಲೆ ಬಿಸಾಕ್ದೆ. "ಥೂ ನಿನ್ ಜನ್ಮಕ್ಕೆ! ಹೊಗೆಸೊಪ್ಪೇ ನಿನ್ನ ತಿಂತಾ ಐತೆ, ಇನ್ನೂ ಅದೇ ಬೇಕಾ?" ಅಂದೆ. ಜನ ಎಲ್ಲ ನಿಂತು ನೋಡ್ತಿದ್ರು. ಅವ್ನು ತಲೆ ತಗ್ಗಿಸ್ಕಂಡು ಎಕ್ಸ್‌ರೇ ಆರಿಸ್ತಿದ್ದ. ಮೀಸೆ ಅಡೀಲಿ ಒಂಚೂರು ನಗು ಇತ್ತು. ಆಗ ಗೊತ್ತಾಯ್ತು ನಂಗೆ. ಅರಕಲಗೂಡಿನ ಬೀರಮ್ಮ ಕ್ಯೂಬಾ ಚುಟ್ಟ ಎಲ್ಲಿಂದ ತತ್ತಾಳೆ? ತರಕ್ಕಾಗಲ್ಲ, ಇವ್ನು ಆಪ್ರೇಸನ್‌ಗೆ ಬರಂಗಿಲ್ಲ. ಅದು ಆಸೆ ಅಲ್ಲ ಕಣವ್ವ, ನೆಪ.

ತತ್ತೀನಿ ಕಣ್ಲಾ ಮಾವ ಅಂತ ಅವತ್ತೇ ಪಣ ತೊಟ್ಟೆ.

ನನ್ ತಮ್ಮ ರವೀಶ್ ಹಾಸನದಲ್ಲಿ ಟೂರಿಸ್ಟ್ ಕಾರು ಓಡಿಸ್ತಾನೆ. ಅವ್ನ ಕಾರಲ್ಲಿ ಕುಂತು ಹುಡುಕಕ್ಕೆ ಸುರು ಮಾಡ್ದೆ. ಹಾಸನದಲ್ಲಿ ದೊಡ್ಡೋರು ಕುಡಿಯೋ ಬಾರಿಗೆಲ್ಲ ಓದೆ, ನಾನು, ಈ ಸೀರೇಲಿ! ಕ್ಯಾಶ್ ಮುಂದೆ ಕುಂತೋನು "ಯಾರನ್ನ ಹುಡುಕ್ತಿದೀರಮ್ಮ, ಯಜಮಾನ್ರನ್ನಾ?" ಅಂದ. ಹೊಳೆನರಸೀಪುರದ ಬೀಡಿ ಅಂಗ್ಡಿ ಬೋರಪ್ಪ ನನ್ ಮಾತು ಕೇಳಿ ಗಲ್ಲಾ ಪೆಟ್ಟಿಗೆ ತಬ್ಕಂಡು ನಕ್ಕ. ಆಮೇಲೆ ಯಾಕೆ ಅಂತ ಏಳಿದ್ ಮೇಲೆ ನಗು ನಿಲ್ಸಿ, ಕುಡಿಯಕ್ಕೆ ನೀರು ಕೊಟ್ಟ.

ಶೆಟ್ಟಿಹಳ್ಳಿ ಮುರಿದ್ಬಿದ್ದಿರೋ ಹಳೇ ಚರ್ಚು ನೋಡಕ್ಕೆ ಹೊರಗಿನೋರು ಬತ್ತಾರಲ್ಲ, ಅಲ್ಲಿಗೂ ಓದ್ವಿ. ಫೋಟೊ ತೆಗಿಸ್ಕತಾ ಇದ್ದೋರ್ನೆಲ್ಲ ತಡ್ದು ರವೀಶ ಇಂಗ್ಲೀಷಲ್ಲಿ ಕೇಳ್ತಿದ್ದ, ನಾನು ಪಕ್ಕದಲ್ಲಿ ಕೈ ಮುಗ್ಕಂಡು ನಿಂತಿದ್ದೆ. ಒಬ್ಬ ಸಿಗರೇಟು ಕೊಟ್ಟ. ಒಬ್ಳು ತಿರುಪೆಯೋಳು ಅನ್ಕಂಡು ನೋಟು ಕೊಡಕ್ ಬಂದ್ಳು. ಕಾರೊಳಗೆ ಬಂದು ಕುಂತು ಬಾಯಿಗೆ ಸೆರಗಿಟ್ಕಂಡು ಅತ್ತೆ. ಗಂಡನ್ನ ಕೊಲ್ತಿರೋ ಸೊಪ್ಪನ್ನೇ ಗಂಡನ್ನ ಉಳ್ಸಕ್ಕೆ ಭಿಕ್ಸೆ ಬೇಡೋ ಗತಿ ಯಾವಳಿಗಾದ್ರೂ ಬಂದೈತಾ? ಮನೇಗ್ ಬಂದ್ರೆ ಇವ್ನು ಮುದ್ದೆ ಬುಟ್ಟು ಗಂಜಿ ಹಿಡ್ದಿದ್ದ. ದಿಂಬಿನ ಮೇಲೆ ರಕ್ತದ ಕಲೆ. "ಸಿಕ್ತಾ?" ಅನ್ನೋನು. "ಸಿಗ್ತದೆ, ನಿನ್ ತಿಥಿ ಒಳಗೆ" ಅಂತಿದ್ದೆ. ಅಂದ್ಬುಟ್ಟು ಹಿತ್ಲಿಗೆ ಓಗಿ ಅಳ್ತಿದ್ದೆ.

ಕೊನೆಗೆ ರವೀಶಂಗೇ ಗ್ಯಾನ ಬಂತು. ಚನ್ನರಾಯಪಟ್ಟಣದ ಕೊಬ್ರಿ ಮಂಡಿ ನಂಜಪ್ಪನೋರ ಅಳಿಯ, ಅಂದ್ರೆ ಅವ್ರ ತಂಗಿ ಮಗ, ದುಬೈಲಿದ್ದಾನೆ. ಅವನ್ನ ಏರ್‌ಪೋರ್ಟಿಂದ ಕರ್ಕಂಡ್ ಬರೋವಾಗ ನಂಜಪ್ಪನೋರಿಗೆ ಅಂತ ಕ್ಯೂಬಾ ಚುಟ್ಟ ತಂದಿರೋದು ತೋರಿಸಿದ್ನಂತೆ. "ಅದುನ್ನ ಈಗ ಏಳ್ತಿಯೇನ್ಲಾ!" ಅಂತ ಅವ್ನ ತಲೆ ಮೇಲೆ ಕುಟ್ಟಿ, ಅಂಗೇ ಪಟ್ಟಣಕ್ಕೆ ಓದ್ವಿ.

ನಂಜಪ್ಪನೋರು ಹಣೇಗೆ ವಿಭೂತಿ ಬಳ್ಕಂಡಿರೋ ಸಾಧು ಮನ್ಸ. ಕಾಫಿ ಬುಟ್ರೆ ಇನ್ಯಾವ ಚಟಾನೂ ಇಲ್ಲ. ಒಳಗಿಂದ ಮರದ ಪೆಟ್ಟಿಗೆ ತಂದು ತೆಗುದ್ರು. ಒಳಗೆ ಒಂದ್ ಮೂಲೇಲಿ ಒದ್ದೆ ಸ್ಪಂಜು, ನಡುವೆ ಎಬ್ಬೆರಳು ಗಾತ್ರದ ಚುಟ್ಟ. ಅದಕ್ಕೆ ಎರಡು ಕಾಗದದ ಉಂಗುರ.

"ಇದು ಎಲ್ಲಾ ಕಡೆ ಸಿಗಲ್ವಂತೆ ಕಣಮ್ಮ. ಕ್ಯೂಬಾದೋರು ಆ ದುಬೈ ಕಡೆ ದೇಶಗಳಿಗೆ ಅಂತ್ಲೇ ಒಂದಿಷ್ಟು ಸುತ್ತಿ, ಸಾಕು ಅಂತ ನಿಲ್ಲಿಸಿಬಿಟ್ರಂತೆ. ಈ ಎರಡನೇ ಉಂಗುರ ಅದರ ಗುರುತು" ಅಂದ್ರು. "ನನಗೆ ಹೊಗೆ ಕಂಡ್ರೆ ಕೆಮ್ಮು. ಅವ್ನು ಬೇರೆ ವಾರಕ್ಕೊಂದ್ಸಲ ಫೋನ್ ಮಾಡಿ, ಸೇದಿದ್ರಾ ಮಾವ, ಹೆಂಗಿತ್ತು, ರುಚಿ ಹೇಳಿ, ನಮ್ಮ ಗ್ರೂಪಿಗೆ ಹಾಕ್ಬೇಕು ಅಂತ ಪ್ರಾಣ ತಿಂತಾನೆ."

ನಾನು ಎಲ್ಲಾ ಏಳ್ದೆ. ಅವ್ರು ಪೆಟ್ಟಿಗೆ ಮುಚ್ಬುಟ್ರು. "ನಾಲಿಗೆ ಹುಣ್ಣಿರೋರಿಗೆ ಇದನ್ನ ಕೊಡೋದಾ? ಪಾಪ ಸುತ್ಕಳಲ್ವಾ ನನಗೆ?"

"ಆ ಪಾಪ ನಂಗಿರ್ಲಿ ಸಾ. ಏಳೇಳು ಜನ್ಮ ಹೊತ್ಕತೀನಿ. ಇದಿಲ್ದೆ ಅವ್ನು ಆಪ್ರೇಸನ್‌ಗೆ ಬರಲ್ಲ" ಅಂತ ಕಾಲಿಗ್ ಬಿದ್ದೆ. ಕೊಬ್ರಿ ಸಿಪ್ಪೆ ಮೇಲೆ ಬಿದ್ದೆ ಕಣವ್ವ, ಮೊಣಕಾಲು ತರ್ಚೋಯ್ತು.

ಅವ್ರು ನನ್ನ ಎಬ್ಬಿಸಿ, ಚುಟ್ಟನ ಪೆಟ್ಟಿಗೆ ಸಮೇತ ನನ್ ಕೈಗಿಟ್ರು. "ನಿಮ್ಮೆಜಮಾನ್ರು ಸೊಪ್ಪು ತಿಳಿದೋರು. ಹೆಂಗಿತ್ತು ಅಂತ ನನಗೊಂದು ಫೋನ್ ಮಾಡ್ಸಿ, ಅಳಿಯನಿಗೆ ಅದನ್ನೇ ಒಪ್ಪಿಸ್ತೀನಿ. ಆಮೇಲೆ ನೆನಪಿರ್ಲಿ, ಇದು ಹಿಂಗೇ ತೇವದಲ್ಲೇ ಇರ್ಬೇಕಂತೆ. ಒಣಗಿಸ್ಬೇಡಿ" ಅಂದ್ರು.

ಮನೇಗ್ ಬಂದಾಗ ಮಾವ ಬ್ಯಾರನ್ ಮುಂದೆ ಸೌದೆ ನೂಕ್ತಾ ಕುಂತಿದ್ದ. ಪೆಟ್ಟಿಗೆ ತೆಗ್ದು ತೋರಿಸ್ದೆ. "ತಗಾ, ಬಂತು ನಿನ್ ಕ್ಯೂಬಾ" ಅಂದೆ. ಅವ್ನ ಮಕ ಬೆಳ್ಳಗಾಯ್ತು. ನೆಪ ಕೈ ಬುಟ್ಟೋಯ್ತಲ್ಲ! ಆದ್ರೂ ಕಸುಬುದಾರ ನೋಡು, ಕೈ ತಾನೇ ಮುಂದೆ ಬಂತು. ಚುಟ್ಟ ಎತ್ಕಂಡ, ಮೂಸ್ದ, ಬೆಳಕಿಗೆ ಹಿಡ್ದ. ಎಬ್ಬೆಟ್ಟಲ್ಲಿ ಇಸುಕ್ದ.

"ತೇವ ಐತಲ್ಲೇ ಬೀರಿ!"

"ಅಂಗೇ ಇರ್ಬೇಕಂತೆ, ನಂಜಪ್ಪನೋರು ಏಳಿದ್ರು."

"ಕೊಬ್ರಿ ಮಾರೋನು ಚಲುವಯ್ಯಂಗೆ ಸೊಪ್ಪಿನ ಪಾಠ ಏಳ್ತಾನಾ? ಸ್ಪಂಜಿಟ್ಟು ನೆನೆಹಾಕವ್ನೆ ಪಾಪಿ! ಇನ್ನೆರಡು ದಿನ ಬುಟ್ಟಿದ್ರೆ ಬೂಷ್ಟು ಹಿಡ್ದು ಓಗೋದು."

ನಾನು ಬಾಯ್ ಬಡ್ಕಂಡೆ. ಕೇಳ್ತಾನಾ? ದಾರ ಕಟ್ಟಿ ಬ್ಯಾರನ್ ಒಳಗೆ ನೇತಾಕೇಬುಟ್ಟ. ಮಾರ್ನೆ ದಿನ ತೆಗೆದ್ರೆ ಚುಟ್ಟ ಹಪ್ಳ. ಮುಟ್ಟಿದ್ರೆ ಪಟಪಟ ಅಂತದೆ. ಮೇಲಿನ ಎಲೆ ಉದ್ದಕ್ಕೂ ಸೀಳಿತ್ತು. ಗಂಜಿ ಹಚ್ಚಿ ಅಂಟಿಸ್ಕಂಡು, "ಈಗ ಸರ್ಯಾಯ್ತು ನೋಡು" ಅಂದ. ಇರ್ಬೋದೇನೋ, ನಂಗೇನ್ ತಿಳೀತದೆ ಅನ್ಕಂಡೆ.

ರವೀಶ ನಂಜಪ್ಪನೋರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕ್ದ. ಮಾವ ಉರಿಯಿಂದ ಕೆಂಡ ತೆಗ್ದು ಹತ್ತಿಸ್ದ. ಒಂದು ದಮ್ಮು ಎಳ್ದು, ಬಾಯಲ್ಲಿ ಇಟ್ಕಂಡು, ಕಣ್ಮುಚ್ದ. ಬ್ಯಾರನ್ನಲ್ಲಿ ಎಲೆ ನಾಲಿಗೆಗಿಟ್ಟಾಗ ಅದೇ ಮಕ ಇರೋದು.

"ಮೊದ್ಲು ಈಗಷ್ಟೇ ಉತ್ತಿರೋ ಕೆಮ್ಮಣ್ಣು" ಅಂದ, ನಿಧಾನಕ್ಕೆ, ಹುಣ್ಣಿನ ಬಾಯಲ್ಲಿ ತೊದ್ಲಿಸ್ಕಂಡು. ಇನ್ನೊಂದು ದಮ್ಮು. "ಆಮೇಲೆ ಹುರಿದ ಹುರುಳಿ ಕಾಳು. ಈಗ ಬತ್ತಾ ಐತೆ ನೋಡಿ ಸಾ, ಆಲೆಮನೆ ಕೊಪ್ಪರಿಗೆ ತಳದಲ್ಲಿ ಹತ್ತಿರೋ ಬೆಲ್ಲ. ಅದ್ರ ಹಿಂದೆ ಮೆಣಸಿನ ಚುರುಕು, ಒಂಚೂರೇ. ಗಂಟ್ಲಿಗೆ ಬೆಣ್ಣೆ ಇಳ್ದಂಗೆ ಇಳೀತದೆ. ಬೇಯ್ಸಿರೋನು ಯಾರೋ ಪುಣ್ಯಾತ್ಮ. ನನ್ ಸೊಪ್ಪು ಇದ್ರ ಮುಂದೆ ಸೋತೋಯ್ತು ಸಾ, ಒಪ್ಕತೀನಿ."

ಆಚೆ ಕಡೆ ನಂಜಪ್ಪನೋರು "ಭೇಷ್, ಭೇಷ್! ಹುರುಳಿ ಆದ್ಮೇಲೆ ಬೆಲ್ಲ ಅಂದ್ರಾ?" ಅಂತ ಬಾಯಿಪಾಠ ಮಾಡ್ಕತಿದ್ರು. ಆ ಮಾತು ದುಬೈ ತನ್ಕ ಓಗಿ ದೊಡ್ಡ ದೊಡ್ಡೋರೆಲ್ಲ ತಲೆದೂಗಿದ್ರಂತೆ. ಓಗ್ಲಿ ಬುಡು, ಅವ್ರಿಗಾದ್ರೂ ಸಂತೋಸ ಆಯ್ತು.

ನಂಗೆ ಮಾತ್ರ ಹೊಟ್ಟೆ ಉರೀತು. ಅಷ್ಟು ಕಾಲ ಬೇಯ್ಸಿ ಹಾಕಿದ್ದೀನಿ, ನನ್ ಸಾರಿಗೆ ಒಂದಿನ ಇಂಥ ಮಾತಾಡಿದ್ನಾ ಈ ಮಾವ? ಅಂಥಾದ್ದು ಏನೈತಪ್ಪ ಇದ್ರಲ್ಲಿ ಅಂತ, ಅವ್ನು ಕಲ್ ಮೇಲೆ ಇಟ್ಟಿದ್ದ ಚುಟ್ಟ ಎತ್ಕಂಡು ನಾನೂ ಒಂದು ದಮ್ಮು ಎಳ್ದೆ. ಹುಟ್ಟಿದ್ ಮೇಲೆ ಮೊದ್ಲು.

ಅಯ್ಯಯ್ಯಪ್ಪ! ಬಾಯಿ ಸುಟ್ಟೋಯ್ತು. ಕಹಿ ಅಂದ್ರೆ ಬೇವಿನ ಕಡ್ಡಿ ಸುಟ್ಟು ಬೂದಿ ತಿಂದಂಗೆ. ಉಗುದೆ, ನೀರಾಕಂಡು ಮುಕ್ಕಳಿಸ್ದೆ, ಓಗ್ನಿಲ್ಲ. ರವೀಶ ನಗ್ತಾ ಇಸ್ಕಂಡು ಎಳ್ದ. ಅವ್ನು ಸಿಗರೇಟು ಸೇದೋನು, ಅವ್ನೂ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತಗಂಡ. "ಅಕ್ಕ, ಇದು ಸುಟ್ಟ ಗೋಣಿಚೀಲ ಕಣಕ್ಕ. ಬ್ಯಾರನ್ನಲ್ಲಿ ಸತ್ತೋಗೈತೆ" ಅಂದ.

ನಾನು ಮಾವನ ಕಡೆ ನೋಡ್ದೆ. ಅವ್ನು ಉರಿ ಕಡೆ ತಿರುಗ್ಕಂಡ.

ಆಗ ತಿಳೀತು ನಂಗೆ. ಈ ಕಹಿ ಅವ್ನಿಗೆ ಗೊತ್ತೇ ಆಗ್ನಿಲ್ಲ. ಬೆಲ್ಲ ಅಂದ, ಬೆಣ್ಣೆ ಅಂದ, ಎಲ್ಲಾ ಬಾಯಿಗ್ ಬಂದಿದ್ದು ಕಟ್ಟಿ ಏಳ್ದ. ಉಪ್ಪು ಕಮ್ಮಿ ಅಂತ ಅವ್ನು ತಣಿಗೆ ನೂಕಿ ಎಷ್ಟು ಕಾಲ ಆಯ್ತು? ಕಾಫಿ ಬಗ್ಗೆ ಜಗಳ ತೆಗ್ದು? ವಯಸ್ಸಾಯ್ತು, ಸಿಟ್ಟು ಇಳೀತು ಅನ್ಕಂಡಿದ್ದೆ ನಾನು, ಮುಂಡೇದು.

ಅಂಗಿ ಹಿಡ್ದು ತಿರುಗಿಸ್ಕಂಡೆ. "ಯಾವಾಗ್ನಿಂದ ರುಚಿ ಇಲ್ಲ?"

"ಓದ್ ಸುಗ್ಗಿಯಿಂದ."

"ಮತ್ತೆ ಸೊಪ್ಪು ಬೇಯ್ಸಿದ್ದು?"

"ಕಣ್ಣಂದಾಜು. ಮೂಗು ಐತಲ್ಲ. ನಾಲಿಗೆಗಿಟ್ಟು ಸುಮ್ನೆ ನಾಟ್ಕ ಆಡ್ತಿದ್ದೆ."

"ಸತ್ತ ನಾಲಿಗೆ ಕಣೋ ಅದು! ಅದುನ್ನ ಇಟ್ಕಂಡು ಏನ್ ಮಾಡೀಯೆ? ಅದಕ್ಕೋಸ್ಕರ ನೀನೂ ಸಾಯ್ತೀಯಾ? ನನ್ನ ಊರೂರು ತಿರುಪೆ ಎತ್ಸಿದ್ಯಲ್ಲೋ, ಯಾಕೋ ಮಾವ?" ಅಂತ ಎದೆ ಎದೆಗೆ ಗುದ್ದಿದೆ. ಗುದ್ದಿಸ್ಕಂಡ. ರವೀಶ ಎದ್ದು ಆಚೆ ಓದ.

"ರುಚಿ ಓದ್ರೆ ಓಯ್ತು, ಗಂಜಿ ಕುಡ್ಕಂಡು ಇತ್ತೀನಿ" ಅಂದ ಮಾವ. "ಮಾತು ಓದ್ರೆ ಎಂಗೆ ಬೀರಿ? ನಾನು ಮೂಕನಂಗೆ ಮೂಲೇಲಿ ಕುಂತ್ರೆ ನಿನ್ ಜತೆ ಜಗಳಾಡೋರು ಯಾರು? ಮನೆ ಸುಡುಗಾಡು ಆಗ್ಬುಡ್ತದಲ್ಲೇ."

ಅವ್ನು ಅತ್ತಿದ್ದು ನಾನು ಅವತ್ತೇ ನೋಡಿದ್ದು. ಬಾಯಿ ತೆಗ್ದು ಅಳಕ್ಕೂ ಆಗ್ತಿರ್ನಿಲ್ಲ, ಅಷ್ಟು ನೋವು.

"ನಿನ್ ಪಾಲಿನ ಜಗಳಾನೂ ನಾನೇ ಆಡ್ತೀನಿ ಕಣೋ" ಅಂದೆ. "ಎರಡು ಕಡೇದೂ ನಾನೇ ಆಡ್ತೀನಿ. ನೀನು ಎದುರಿಗೆ ಕುಂತಿರು. ಅಷ್ಟೇ ಸಾಕು ನಂಗೆ, ನೀನು ಇರು."

ಆಸ್ಪತ್ರೇಲಿ ಒಳಗೆ ಕರ್ಕಂಡ್ ಓಗೋ ತನ್ಕ ಬಯ್ದ. ಸೀರೆ ನೆರಿಗೆ ಸರ್ಯಾಗಿಲ್ಲ ಅಂದ. ಬ್ಯಾರನ್ ಬಾಗ್ಲು ಹಾಕಿದ್ಯಾ, ನಿನ್ ತಮ್ಮಂಗೆ ಕಾರು ಓಡಿಸಕ್ಕೇ ಬರಲ್ಲ, ನಿಂಗೆ ಬುದ್ಧಿ ಯಾವಾಗ್ ಬತ್ತದೆ ಅಂದ. ಬಾಯಿಂದ ರಕ್ತ ಸುರೀತಿದ್ರೂ ಬುಡ್ನಿಲ್ಲ. ನಾನು ಅವನ್ನ ಮಲಗಿಸಿದ್ದ ಗಾಡಿ ಹಿಡ್ಕಂಡು ಪಕ್ಕದಲ್ಲೇ ಓಡ್ತಾ ಒಂದಕ್ಕೆ ನಾಕು ಕೊಡ್ತಿದ್ದೆ. ಬಾಗ್ಲು ಮುಚ್ಚಿದ್ ಮೇಲೂ ಒಳಗಿಂದ ದನಿ ಬತ್ತಿತ್ತು. ಆಮೇಲೆ ನಿಂತೋಯ್ತು.

ಉಳ್ಕಂಡ. ಡಾಕ್ಟ್ರ ಕೈಗೆ ಚಿನ್ನದ ಕಡಗ ಹಾಕ್ಬೇಕು. ಮೊದ್ಲು ಮೂಗಿನ ನಳೀಲಿ, ಈಗ ಗಂಜಿ ಬಾಯಲ್ಲೇ ಇಳೀತದೆ. ಮನೇಗ್ ಬಂದ ದಿನದಿಂದ್ಲೇ ನಾನು ಸುರು ಮಾಡ್ದೆ. ಕಾಫಿ ತಂದಿಟ್ಟು, ಅವ್ನಂಗೇ ದನಿ ದಪ್ಪ ಮಾಡ್ಕಂಡು "ಏನೇ ಬೀರಿ, ಇದು ಕಾಫಿಯಾ ಕಲಗಚ್ಚಾ?" ಅನ್ನೋದು. ಆಮೇಲೆ ನನ್ ದನೀಲಿ "ಬೇಕಾದ್ರೆ ಕುಡಿ, ಇಲ್ದಿದ್ರೆ ಎಮ್ಮೆಗೆ ಹಾಕ್ತೀನಿ" ಅನ್ನೋದು. ಮಾವ ಸದ್ದಿಲ್ದಂಗೆ ಮೈಯೆಲ್ಲ ಅಲ್ಲಾಡ್ಸಿ ನಗೋನು. ಅವ್ನ ಪಾಲಿಗೆ ಸಪ್ಪೆ ಮಾತು ಆಡಿದ್ರೆ ಮಂಚ ಗುದ್ದೋನು. ಆಗ ಇನ್ನೂ ಖಾರವಾಗಿ ನನ್ನ ನಾನೇ ಬಯ್ಕಬೇಕು. ದಾರೀಲಿ ಓಗೋರು ನಿಂತು ನಗೋರು. ನಕ್ಕಳ್ಲಿ. ಮನೇಲಿ ಸದ್ದಿತ್ತಲ್ಲ.

ಮೊನ್ನೆ ಅಂಗೇ ಕಾಫಿ ಇಟ್ಟು, "ಏನೇ ಬೀರಿ" ಅಂದೆ. ನನ್ ದನೀಲೇ ಬಂತು. ಇನ್ನೊಂದ್ಸಲ ಅಂದೆ. ಅದೂ ನಂದೇ. ಗಂಟ್ಲು ಕಟ್ಟೈತೆ ಅಂತ ಕೆಮ್ಮಿ, ದಪ್ಪ ಮಾಡ್ದೆ, ಇಳಿಸ್ದೆ, ಎಳ್ದೆ. ಯಾವನೋ ಪರ ಊರೋನು ಮಾತಾಡ್ದಂಗೆ ಆಯ್ತು. ಅವ್ನ ದನಿ ಎಂಗಿತ್ತು ಅಂತ ಗ್ಯಾನ ಮಾಡ್ಕತೀನಿ, ಮಕ ಬತ್ತದೆ, ಮೀಸೆ ಬತ್ತದೆ, ದನಿ ಬರಲ್ಲ. ರವೀಶನ ಫೋನಲ್ಲಿ ಫೋಟೊ ಅವೆ. ಗಂಡ ಎಂಡ್ರ ಜಗಳಾನ ಯಾರವ್ವ ರೆಕಾರ್ಡ್ ಮಾಡಿ ಇಟ್ಕತಾರೆ?

ಮಾವ ಮಂಚ ಗುದ್ದಿದ. ಅಂಗಲ್ಲ ಅಂತ ತಲೆ ಆಡಿಸ್ದ. ಇನ್ನೊಂದು ತರ ಅಂದೆ, ಅದಕ್ಕೂ ಗುದ್ದಿದ.

"ಮತ್ತೆ ಎಂಗೋ ಮಾವ?" ಅಂದೆ. "ಮರ್ತೋಗ್ತಾ ಐತೆ ಕಣೋ. ನೀನೇ ಏಳ್ಕೊಡು, ನನ್ನ ಎಂಗೆ ಕರೀತಿದ್ದೆ?"

ಮಾವ ಬಾಯಿ ತೆಗ್ದ.